ದನಿಯೊಳಗಿನ ಮರಳು

ಗಾಜಿನ ಈಚೆ ಅವನು ಮತ್ತೆ ಕೈ ಎತ್ತಿದ. ಗಾಜಿನ ಆಚೆ ಅವಳು ಓದು ನಿಲ್ಲಿಸಿ, ಪುಸ್ತಕದ ಮೇಲಿನಿಂದ ಕಣ್ಣೆತ್ತಿ ನೋಡಿದಳು.

"ಈಗೇನಾಯ್ತು?"

"ಕುರ್ಚಿ ಕಿರುಗುಟ್ಟಿತು ಮೇಡಂ. ಆ ವಾಕ್ಯ ಇನ್ನೊಂದ್ ಸಲ."

ಅವಳು ಮೈಕಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಪುಟ್ಟ ಗಾಜಿನ ಕಿಂಡಿಯಲ್ಲಿ ಅವಳ ಹಿಂದಿನ ಜಾಗ ಆಗ ಅವನಿಗೆ ಕಂಡಿತು. ಅಲ್ಲಿ ಕುರ್ಚಿಯೇ ಇರಲಿಲ್ಲ.

"ಕುರ್ಚೀನ ದೊಡ್ಡಮ್ಮ ಬಲ್ಬ್ ಹಾಕೋಕೆ ತಗೊಂಡ್ಹೋದ್ರು, ಕಿವಿ ಸಾಹೇಬ್ರೇ. ನಾನು ಆಗಿಂದ ನಿಂತ್ಕೊಂಡೇ ಓದ್ತಾ ಇದೀನಿ."

ಅವನ ಮುಖ ಕೆಂಪಾಯಿತು. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ತಡೆದ ನಗು ಉಸಿರಿನಲ್ಲಿ ಸೋರಿ ಅವನ ಹೆಡ್‌ಫೋನಿಗೆ ಬಂತು. ಆ ಉಸಿರನ್ನು ಅವನು ಅಳಿಸಬೇಕಿತ್ತು. ಅಳಿಸಲಿಲ್ಲ.

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಪುಟ್ಟ ಲೈಬ್ರರಿ ಅದು. ಬೀದಿಯ ಕೊನೆಯ ಮನೆಯ ಹಿಂಭಾಗದ ಕೋಣೆ. ಗೋಡೆಗಳಿಗೆಲ್ಲ ಹಳೆಯ ಹಾಸಿಗೆಗಳನ್ನು ಹೊಡೆದು, ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿದ್ದರು. ನಡೆಸುವವರು ಒಬ್ಬ ನಿವೃತ್ತ ಟೀಚರು. ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವನು ಅಲ್ಲಿನ ರೆಕಾರ್ಡಿಂಗಿನವನು. ಅವಳು ಬಸ್ ನಿಲ್ದಾಣದ ಅನೌನ್ಸರ್. ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿನಿಂದ ಹೊರಡುತ್ತದೆ ಎಂದು ಮಧ್ಯಾಹ್ನದಿಂದ ರಾತ್ರಿಯವರೆಗೆ ಊರಿಗೆಲ್ಲ ಹೇಳುವವಳು, ಬೆಳಗಿನ ಹೊತ್ತು ಸಂಬಳವಿಲ್ಲದೆ ಬಂದು ಇಲ್ಲಿ ಓದುತ್ತಿದ್ದಳು.

ಕುರ್ಚಿ ಕಿರುಗುಟ್ಟಿತು, ಹಾಳೆ ಸರಸರ ಅಂತು, ಹೊಟ್ಟೆ ಗುಡುಗಿತು ಎಂದು ಅವನು ಒಡ್ಡುತ್ತಿದ್ದ ನೆಪಗಳಲ್ಲಿ ಅರ್ಧಕ್ಕರ್ಧ ಸುಳ್ಳು. ಅವಳು ಕಣ್ಣೆತ್ತಿ ನೋಡುವ, ಒಂದು ಹುಬ್ಬು ಮಾತ್ರ ಮೇಲೇರುವ ಆ ಅರೆಗಳಿಗೆಗಾಗಿ ಅವನು ಕೈ ಎತ್ತುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಓದುತ್ತಿದ್ದಳು, ಒಮ್ಮೊಮ್ಮೆ ಬೇಕೆಂದೇ ಮೊದಲಿಗಿಂತ ನಿಧಾನವಾಗಿ. ಈ ಆಟ ಮುಂದೆ ಕುತ್ತಿಗೆಗೆ ಬರುತ್ತದೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಈ ಸಲ ಪುಸ್ತಕ ಓದಿಸಿ ಎಂದು ಕೇಳಿದ್ದವರು ಗಡಿಯಾರದ ತಾತ. ಕಣ್ಣು ಹೋಗುವ ಮೊದಲು ಜೀವಮಾನವೆಲ್ಲ ಒಂದೇ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡಿದವರು. ತಾವೆಂದೂ ಹೋಗದ, ಹೋಗಲೂ ಆಗದ ಕಡೆಯದ್ದೇ ಬೇಕು ಎಂದು ಹಟ ಹಿಡಿದು ಮೂರು ಪುಸ್ತಕ ಆರಿಸಿದ್ದರು. ಅಮೆರಿಕದ ಪಶ್ಚಿಮದ ಗಡಿಯಲ್ಲಿ ರಾತ್ರೋರಾತ್ರಿ ಎದ್ದ ಊರುಗಳದ್ದೊಂದು, ಬೇಸ್‌ಬಾಲ್ ಆಟದ ಮೊದಮೊದಲ ದಿನಗಳದ್ದೊಂದು, ಆಫ್ರಿಕಾದ ಹಳ್ಳಿಗಳ ಹಳೆಯ ಬದುಕಿನದ್ದೊಂದು.

ಗಡಿಯೂರುಗಳ ಪುಸ್ತಕ ಅವಳಿಗೆ ಬಲು ಹಿಡಿಸಿತು. ಚಿನ್ನ ಸಿಕ್ಕಿತಂತೆ ಎಂಬ ಮಾತಿಗೇ ಜನ ಓಡಿ ಬಂದು ಗುಡಾರ ಹಾಕಿದ್ದು, ಒಂದು ಕೋಣೆಯ ಗುಡಿಸಿಲಿನ ಮುಂದೆ ಎರಡಂತಸ್ತಿನ ಹಲಗೆ ನಿಲ್ಲಿಸಿ ಹೋಟೆಲು ಎಂದು ಬಣ್ಣದಲ್ಲಿ ಬರೆದದ್ದು. ಹಿಂದೆ ಏನೂ ಇಲ್ಲ, ಮುಂದೆ ಮಾತ್ರ ಅರಮನೆ. ಇದು ನಮ್ಮ ಬಸ್ ನಿಲ್ದಾಣವೇ ಸರಿ ಎಂದು ಅವಳು ನಡುವೆ ನಿಲ್ಲಿಸಿ ಹೇಳಿದಳು.

ಆಮೇಲೆ ಆ ಅಧ್ಯಾಯ ಬಂತು. ಗಣಿ ಬರಿದಾಗಿ ಊರು ಖಾಲಿಯಾದದ್ದು. ಹೋಗುವವರು ಬಾಗಿಲನ್ನೂ ಮುಚ್ಚಲಿಲ್ಲ, ಗಾಳಿ ಒಳಗೆ ಬಂದು ಮೇಜಿನ ಮೇಲಿನ ತಟ್ಟೆಗಳಲ್ಲಿ ಮಣ್ಣು ತುಂಬಿತು ಎಂದು ಅವಳು ಓದುತ್ತಿದ್ದಾಗ ಅವನಿಗೆ ಮೊದಲ ಸಲ ಅದು ಕೇಳಿಸಿತು. ದನಿಯ ಅಡಿಯಲ್ಲಿ ಇನ್ನೊಂದು ಸದ್ದು. ಸ್ಟೀಲಿನ ತಟ್ಟೆಯ ಮೇಲೆ ಯಾರೋ ಚಿಟಿಕೆ ಮರಳನ್ನು ಮೆಲ್ಲಗೆ ಎಳೆದಂತೆ.

ಅವನು ಕೈ ಎತ್ತಲಿಲ್ಲ. ಕೈ ಏಳಲಿಲ್ಲ.

ಮೊದಲು ವೈರನ್ನು ಬೈದುಕೊಂಡ, ವೈರು ಬದಲಿಸಿದ. ಮೈಕು ಬದಲಿಸಿದ. ತನ್ನ ಹೆಡ್‌ಫೋನನ್ನೇ ಅನುಮಾನಿಸಿ ದೊಡ್ಡಮ್ಮನ ಹಳೆಯದನ್ನು ಹಾಕಿಕೊಂಡ. ಮರಳು ಹೋಗಲಿಲ್ಲ. ತನಗೇ ಕಿವಿಯ ದೋಷವಿರಬಹುದು, ಇಲ್ಲದ್ದನ್ನು ಕೇಳಿಸಿಕೊಂಡು ಒಬ್ಬ ಹೆಣ್ಣುಮಗಳ ಎದೆ ಒಡೆಯುವುದು ಬೇಡ ಎಂದು ಸುಮ್ಮನಾಗಲು ನೋಡಿದ. ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋಗಿ, ಹೋಗುವ ಊರಿಲ್ಲದವನಂತೆ ಬೆಂಚಿನ ಮೇಲೆ ಕೂತ. ತಲೆಯ ಮೇಲಿನ ತಗಡಿನ ಸ್ಪೀಕರಿನಲ್ಲಿ ಅವಳು ಬಂದಳು. ಬಸ್ಸುಗಳ ಗುಡುಗಾಟ, ಕಂಡಕ್ಟರುಗಳ ಕೂಗಾಟ, ಇವುಗಳ ನಡುವೆ, "ಪ್ರಯಾಣಿಕರ ಗಮನಕ್ಕೆ" ಎನ್ನುವ ಮೂರನೆಯ ಅಕ್ಷರದಲ್ಲೇ ಅದು ಇತ್ತು. ಅಲ್ಲಿ ಅವನ ಮೈಕಿರಲಿಲ್ಲ, ಅವನ ವೈರಿರಲಿಲ್ಲ.

ಮುಂದಿನ ಬಸ್ಸಿನ ಹೆಸರು ಬರುವ ಮೊದಲೇ ಅವನು ಬೆಂಚಿನಿಂದ ಎದ್ದ.

ಮರುದಿನ ಬೇಸ್‌ಬಾಲ್ ಪುಸ್ತಕ. ಆ ಕಾಲದಲ್ಲಿ ಚೆಂಡನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದರಂತೆ. ಬೆರಳು ಮುರಿದರೂ ಯಾರೂ ಆಟ ಬಿಟ್ಟು ಹೋಗುತ್ತಿರಲಿಲ್ಲವಂತೆ. ಮೊದಲು ಗ್ಲೌಸ್ ಹಾಕಿಕೊಂಡು ಬಂದವನನ್ನು ಕಂಡು ಮೈದಾನವೆಲ್ಲ ನಕ್ಕಿತಂತೆ. ಅವಳಿಗೂ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಬ್ಯಾಗಿನಿಂದ ಗುಳಿಗೆಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡದ್ದನ್ನು, ಅದು ಅಭ್ಯಾಸವಾದ ಕೈಯೆಂಬುದನ್ನು ಅವನು ಗಾಜಿನಿಂದ ನೋಡಿದ.

ಕೈ ಎತ್ತಿದ. ಗಂಟಲು ಸರಿಯಿಲ್ಲ ಮೇಡಂ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದ.

ಅವಳ ಹುಬ್ಬು ಮೇಲೇರಿತು. "ಕುರ್ಚಿ ಬಿಟ್ಟು ಈಗ ಗಂಟಲಿಗೆ ಬಂದ್ರಾ?"

ಇದು ಹಾಗಲ್ಲ, ನಿಜವಾಗಿ ಕೇಳಿಸುತ್ತಿದೆ ಎಂದು ಅವನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹೊಸ ನೆಪ ಚೆನ್ನಾಗಿದೆ, ಮುಂದಿನ ವಾರ ಹೃದಯಕ್ಕೆ ಬನ್ನಿ ಎಂದು ತಮಾಷೆ ಮಾಡಿದಳು. ಆ ತಮಾಷೆಯಲ್ಲಿ ಒಂದು ಆಹ್ವಾನವಿತ್ತು. ಬೇರೆ ದಿನವಾಗಿದ್ದರೆ ಅವನು ಅದನ್ನು ಮನೆಗೆ ಕೊಂಡೊಯ್ದು ರಾತ್ರಿಯೆಲ್ಲ ಮೆಲುಕು ಹಾಕುತ್ತಿದ್ದ. ಈಗ ತಾನು ಹೇಳಿದ್ದ ಸುಳ್ಳು ಕಿರುಗುಟ್ಟುಗಳೆಲ್ಲ ಸಾಲಾಗಿ ನಿಂತು ತನ್ನನ್ನೇ ನೋಡುತ್ತಿರುವಂತೆ ಅನಿಸಿತು. ಇನ್ನು ಅವನು ಸತ್ಯ ಹೇಳಿದರೂ ಅದು ಸರಸವಾಗಿಯೇ ಕೇಳಿಸುತ್ತಿತ್ತು.

ಅಲ್ಲಿ ದೊಡ್ಡಮ್ಮನ ಒಂದು ಕಟ್ಟುನಿಟ್ಟಿತ್ತು. ಓದುವವರು ತಮ್ಮ ರೆಕಾರ್ಡಿಂಗನ್ನು ತಾವು ಕೇಳಕೂಡದು. ಒಂದು ಸಲ ಕೇಳಿದವರು ಆಮೇಲೆ ಪುಸ್ತಕ ಓದುವುದಿಲ್ಲ, ತಮ್ಮನ್ನೇ ತಾವು ಓದಿಕೊಳ್ಳುತ್ತಾರೆ ಎಂದು ಅವರ ಅನುಭವ. ಹೀಗಾಗಿ ಅವಳ ದನಿಯನ್ನು ತಾತ ಕೇಳಿದ್ದರು, ಊರಿನ ಪ್ರಯಾಣಿಕರೆಲ್ಲ ಕೇಳಿದ್ದರು, ಅವಳೊಬ್ಬಳು ಕೇಳಿರಲಿಲ್ಲ.

ಅವನು ಆ ನಿಯಮ ಮುರಿದ. ದೊಡ್ಡಮ್ಮ ಬ್ಯಾಂಕಿಗೆ ಹೋಗಿದ್ದ ಬೆಳಿಗ್ಗೆ ಅವಳನ್ನು ಈಚೆ ಕರೆದು, ತನ್ನ ಸ್ಟೂಲಿನ ಮೇಲೆ ಕೂರಿಸಿ, ಹೆಡ್‌ಫೋನನ್ನು ತಾನೇ ಅವಳ ತಲೆಗಿಟ್ಟ. ಬೆರಳಿಗೆ ಅವಳ ಕೂದಲು ತಾಗಿತು. ಅವಳು ತಲೆಯೆತ್ತಿ, ಇಷ್ಟು ಧೈರ್ಯ ಎಲ್ಲಿಂದ ಬಂತು ಎಂಬಂತೆ ನೋಡಿದಳು. ಅವನು ಆ ನೋಟಕ್ಕೆ ಸಿಗದೆ ಯಂತ್ರದ ಗುಂಡಿ ಒತ್ತಿದ. ಮೊದಲ ವಾರದ ಒಂದು ವಾಕ್ಯ, ಅದರ ಬೆನ್ನಿಗೆ ನಿನ್ನೆಯದು. ಮತ್ತೆ ಮೊದಲ ವಾರದ್ದು, ಮತ್ತೆ ನಿನ್ನೆಯದು.

ಅವಳ ತುಟಿಯ ಮೇಲಿದ್ದ ನಗು ಒಮ್ಮೆಗೇ ಹೋಗಲಿಲ್ಲ. ಕರೆಂಟು ಹೋಗುವ ಮುಂಚೆ ದೀಪ ಮಂಕಾಗುತ್ತದಲ್ಲ, ಹಾಗೆ ಹೋಯಿತು.

"ಇದು ನಾನಾ?"

"ಹೌದು."

"ಯಾವಾಗಿಂದ ಗೊತ್ತು ನಿಮಗೆ?"

ಆ ಊರು ಖಾಲಿಯಾದ ಅಧ್ಯಾಯದಿಂದ ಎಂದ. ಅವಳು ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು. ಕಿವಿಯಲ್ಲಿ ಇನ್ನೂ ಏನೋ ಉಳಿದಿರುವಂತೆ ಅಂಗೈಯಿಂದ ಕಿವಿ ಒತ್ತಿಕೊಂಡಳು.

ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಸ್ವರತಂತುವಿನ ಮೇಲೊಂದು ಗಂಟು. ಅದು ಎಂಥದ್ದೆಂದು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ತಿಳಿಯುವುದು. ದನಿ ಮೊದಲಿನಂತೆ ಬರಬಹುದು, ಬೇರೆಯಾಗಿ ಬರಬಹುದು, ಬಾರದೆಯೂ ಇರಬಹುದು. ಈ ಹೊತ್ತಿನಿಂದ ಒಂದು ಮಾತೂ ಆಡಕೂಡದು. ಇದನ್ನೆಲ್ಲ ಅವಳ ಅಕ್ಕ ಅಳುತ್ತಾ ಅವನಿಗೆ ಹೇಳಿ, ಔಷಧಿಯಂಗಡಿಯ ಸಾಲಿನಲ್ಲಿ ಹೋಗಿ ನಿಂತಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇಬ್ಬರೇ ಉಳಿದರು. ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದ. ಅವಳು ಕೇಳಲಿಲ್ಲ.

"ಒಂದೇ ಮಾತು. ನಿಮಗೆ ಬೇಕಾಗಿರೋದು ನಾನಾ, ಆ ಹೆಡ್‌ಫೋನಿನಲ್ಲಿ ಬರೋದಾ?"

ನೀವೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾರಾದರೂ ಹಾಗೇ ಹೇಳುತ್ತಿದ್ದರು. ಆದರೆ ಅವಳ ಹತ್ತಿರ ಮತ್ತೊಂದು ಸುಳ್ಳು ಆಡಲು ಅವನಿಗೆ ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ," ಎಂದ. "ನಿಮ್ಮನ್ನ ನಾನು ನೋಡಿದ್ದೇ ಕಿವಿಯಿಂದ."

ಅವಳು ತಲೆಯಾಡಿಸಿದಳು, ತನ್ನ ಬಸ್ಸಲ್ಲ ಎಂದು ತಿಳಿದ ಪ್ರಯಾಣಿಕಳ ಹಾಗೆ. ಅಕ್ಕನ ಜೊತೆ ಆಟೋ ಹತ್ತಿದವಳು ತಿರುಗಿ ನೋಡಲಿಲ್ಲ.

ಗಂಟು ತೆಗೆದರು. ಪರೀಕ್ಷೆಯಲ್ಲಿ ಸ್ಪಷ್ಟವಾಗಲಿಲ್ಲವೆಂದು ಅದೇ ತುಣುಕನ್ನು ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಸ್ ನಿಲ್ದಾಣದಲ್ಲಿ ಅವಳನ್ನು ಪಾಸ್ ಕೌಂಟರಿಗೆ ಹಾಕುವ ಮಾತು ನಡೆಯಿತು. ಸ್ಪೀಕರಿನಲ್ಲಿ ಬೇರೆ ಯಾರೋ ಊರುಗಳ ಹೆಸರನ್ನು ತಿನ್ನುತ್ತಾ ಕೂಗುತ್ತಿದ್ದರು.

ಅವನು ಅವಳ ಮನೆಗೆ ಹೋದ. ಬಾಗಿಲು ತೆರೆದ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಡಾಕ್ಟರು ಮಾತಾಡಬೇಡ ಅಂದಿದ್ದಾರೆ. ಅನ್ನದಿದ್ರೂ ನಿಮ್ಮ ಹತ್ರ ಆಡ್ತಿರ್ಲಿಲ್ಲ ಬಿಡಿ."

ಆದರೂ ಒಳಗೆ ಬಿಟ್ಟಳು. ಅಡುಗೆಮನೆಯ ಮೇಜಿನ ಮುಂದೆ ಕೂತು ತಂಗಿ ಬೀನ್ಸ್ ಬಿಡಿಸುತ್ತಿದ್ದಳು. ಅವನೂ ಕೂತು ಒಂದು ಹಿಡಿ ಎಳೆದುಕೊಂಡ. ಅವನು ನಾರು ಬಿಟ್ಟು ಬಿಡಿಸಿದ್ದನ್ನು ಅವಳು ಒಂದೊಂದಾಗಿ ತೆಗೆದು, ಅವನ ಮುಖ ನೋಡುತ್ತಾ, ಮತ್ತೆ ಬಿಡಿಸಿದಳು. ಮರುದಿನವೂ ಹೋದ. ಅದರ ಮರುದಿನವೂ. ಬಟ್ಟೆ ಮಡಿಸಿದರು, ಅಕ್ಕಿ ಆರಿಸಿದರು. ಸಿಟ್ಟು ಬಂದರೆ ಅವಳು ಪಾತ್ರೆಯನ್ನು ಸದ್ದಾಗದಂತೆ ಬಹಳ ಮೆತ್ತಗೆ ಇಡುತ್ತಾಳೆ ಎಂದು ಅವನಿಗೆ ಆಗ ತಿಳಿಯಿತು. ನಗು ಬಂದರೆ ಎಡ ಭುಜ ಮಾತ್ರ ಕುಣಿಯುತ್ತದೆ ಎಂದು ತಿಳಿಯಿತು. ಭಯವಾದಾಗ ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡುತ್ತಿದ್ದಳು. ಆ ದಿನಗಳಲ್ಲಿ ಹೆಬ್ಬೆರಳು ಹೊರಗೆ ಬಂದದ್ದು ಕಡಿಮೆ. ಒಂದು ಸಂಜೆ ಅವನು ಆ ಮುಷ್ಟಿಯ ಮೇಲೆ ತನ್ನ ಕೈಯಿಟ್ಟ. ಅವಳು ತೆಗೆಯಲಿಲ್ಲ. ಮುಷ್ಟಿಯನ್ನು ಬಿಚ್ಚಲೂ ಇಲ್ಲ.

ಸ್ವಲ್ಪ ಸ್ವಲ್ಪ ಮಾತಾಡಿ ನೋಡಬಹುದು ಎಂದು ಡಾಕ್ಟರು ಹೇಳಿದ ದಿನ ಅವಳು ಮಾತಾಡಲಿಲ್ಲ. ಅಕ್ಕ ಗೋಗರೆದಳು, ಗದರಿದಳು.

ಮರುದಿನ ಬೆಳಿಗ್ಗೆ, ಲೈಬ್ರರಿಯ ಬಾಗಿಲು ತೆಗೆಯುವ ಹೊತ್ತಿಗೆ, ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ದೊಡ್ಡ ಆಸ್ಪತ್ರೆಯ ಫಲಿತಾಂಶ ಅಂದು ಮಧ್ಯಾಹ್ನ ಲೈಬ್ರರಿಯ ಫೋನಿಗೆ ಬರುವುದಿತ್ತು. ಅವನು ಬೀಗ ತೆಗೆದ. ಅವಳು ಒಳಗೆ ಹೋಗಿ, ಧೂಳು ಹಿಡಿದಿದ್ದ ಮೂರನೆಯ ಪುಸ್ತಕವನ್ನು ಸೆರಗಿನಿಂದ ಒರೆಸಿ, ಮೈಕಿನ ಮುಂದೆ ಕೂತಳು. ಅವನು ಯಂತ್ರ ಹಾಕಿದ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಅದು ಉರಿಯುವಾಗ ದೊಡ್ಡಮ್ಮ ಕೂಡ ಆ ಬಾಗಿಲು ಮುಟ್ಟುವಂತಿರಲಿಲ್ಲ.

ಅವಳು ಓದಿದಳು.

ಬಂದದ್ದು ಬೇರೆ ಯಾರದ್ದೋ ದನಿ. ತಗ್ಗಿನ, ಒಡಕಿನ, ವಯಸ್ಸಾದ ದನಿ. ಒಂದು ಪದ ಹೊರಬಂದರೆ ಮುಂದಿನದರಲ್ಲಿ ಬರೀ ಗಾಳಿ. ಇಷ್ಟು ದಿನ ಅವನು ಪ್ರೀತಿಸಿದ್ದ ದನಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹುಡುಕಿದ. ಇರಲಿಲ್ಲ. ಅವಳು ಸಾಲಿಗೊಮ್ಮೆ ಪುಸ್ತಕದಿಂದ ಕಣ್ಣೆತ್ತಿ ಗಾಜಿನಾಚೆಯ ಅವನ ಮುಖ ನೋಡುತ್ತಿದ್ದಳು. ತುಣುಕಿನ ಫಲಿತಾಂಶ ಬರುವ ಮೊದಲು ಈ ಫಲಿತಾಂಶ ಅವಳಿಗೆ ಬೇಕಿತ್ತು.

"ಈ ಸೀಮೆಯ ಕೆಲವು ಹಳ್ಳಿಗಳಲ್ಲಿ," ಎಂದು ಓದಿದಳು, ನಿಂತು ನಿಂತು, "ಕಥೆ ಹೇಳುವವನು ಒಬ್ಬನೇ ಹೇಳುವುದಿಲ್ಲ. ಮಗ್ಗುಲಲ್ಲಿ ಇನ್ನೊಬ್ಬ ಕೂರುತ್ತಾನೆ. ಒಂದೊಂದು ಮಾತಿಗೂ ಅವನು ಹೌದೆನ್ನಬೇಕು. ಅವನು ಸುಮ್ಮನಾದರೆ ಕಥೆ ಅಲ್ಲಿಗೇ..."

ದನಿ ಅಲ್ಲಿ ಕಡಿದುಹೋಯಿತು. ಅವಳು ಮತ್ತೆ ಪ್ರಯತ್ನಿಸಿದಳು. ತುಟಿ ಆಡಿತು, ಏನೂ ಬರಲಿಲ್ಲ. ಪುಸ್ತಕ ಹಿಡಿದ ಕೈಯಲ್ಲಿ ಹೆಬ್ಬೆರಳು ಒಳಗೆ ಸರಿಯಿತು.

ಅವನು ಹೆಡ್‌ಫೋನ್ ತೆಗೆದಿಟ್ಟ. ಯಂತ್ರ ನಿಲ್ಲಿಸಲಿಲ್ಲ. ಕೆಂಪು ದೀಪ ಉರಿಯುತ್ತಿದ್ದಂತೆಯೇ ಬಾಗಿಲು ತಳ್ಳಿ ಒಳಗೆ ಹೋದ. ಸ್ಟೂಲನ್ನು ನೆಲದ ಮೇಲೆ ಎಳೆದು ತಂದ ಸದ್ದು ಮೈಕಿಗೆ ಬಿತ್ತು, ಅವಳ ಮಗ್ಗುಲಲ್ಲಿ ಕೂತ ಸದ್ದೂ ಬಿತ್ತು. ಗಡಿಯಾರದ ತಾತ ಇದನ್ನೆಲ್ಲ ಕೇಳುತ್ತಾರೆ, ಕೇಳಲಿ.

"ಹೂಂ," ಎಂದ ಅವನು.

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು.

"ಹೂಂ," ಎಂದ ಮತ್ತೆ, ಮೈಕಿಗೆ ಬಾಗಿ. "ಆಮೇಲೆ?"

ಅವನು ತೆರೆದೇ ಬಿಟ್ಟಿದ್ದ ಬಾಗಿಲಿನಾಚೆ, ಹಾಲ್‌ನಲ್ಲಿ ಫೋನು ರಿಂಗಾಗತೊಡಗಿತು. ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿತ್ತು. ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೂ ಏಳಲಿಲ್ಲ. ಅವಳು ಅವನ ಕೈ ಹುಡುಕಿ, ಹೆಬ್ಬೆರಳು ಸಮೇತ ಬಿಚ್ಚಿದ ತನ್ನ ಇಡೀ ಅಂಗೈಯನ್ನು ಅದರೊಳಗಿಟ್ಟು, ಆ ಒಡಕು ದನಿಯಲ್ಲೇ ಮುಂದಿನ ಸಾಲು ಓದಿದಳು.