ನೀಲಿ ಬೆಳಕಲ್ಲಿ ಸಿಕ್ಕಿಬಿದ್ದ ‘ಬೇರೆಯವಳು’

“ಎಲ್ಲಿ ಆ ಬೇರೆಯವಳು? ಹೊರಗೆ ಕಾಯ್ತಿದ್ದಾಳಾ?”

ಔಷಧದ ಲೋಟ ಹಿಡಿದು ಬಂದ ನರ್ಸ್ ಬಾಗಿಲಲ್ಲೇ ನಿಂತು ಕೇಳಿದಳು. ಅರ್ಧ ತಲೆ ಬೋಳಿಸಿಕೊಂಡು ಹಾಸಿಗೆಯಲ್ಲಿ ಕುಳಿತವನು... ಅವನೇ! ಐದು ತಿಂಗಳ ಹಿಂದೆ, ಮದುವೆಗೆ ಮೂರೇ ವಾರ ಇದ್ದಾಗ, ‘ನನಗೆ ಬೇರೆಯವಳು ಸಿಕ್ಕಿದ್ದಾಳೆ’ ಎಂದು ಮೆಸೇಜ್ ಹಾಕಿ ಮಾಯವಾದ ಮಾತಿನಮಲ್ಲ.

ರೇಡಿಯೊದಲ್ಲಿ ಊರಿಗೆಲ್ಲ ಮಾತು ಹಂಚುವವನು ಅವಳ ಪಾಲಿಗೆ ಉಳಿಸಿದ್ದು ಒಂದೇ ಸಾಲು!

“ಒಳಗಿದ್ದಾಳೆ,” ಅವನು ಎಡಗಡೆ ತಲೆ ಮುಟ್ಟಿಕೊಂಡ. “ನಿಂಬೆಹಣ್ಣಿನಷ್ಟು ಗಡ್ಡೆ.”

ಅವಳು ಲೋಟವನ್ನು ಮೇಜಿನ ಮೇಲೆ ಇಟ್ಟಳು.

“ಅಣ್ಣಂಗೆ ಗೊತ್ತಿತ್ತಾ?”

“ಮೊದಲಿನಿಂದ್ಲೂ.”

ಆಪರೇಷನ್ ಮಾಡುವ ಡಾಕ್ಟರೇ ಅವಳ ಒಡಹುಟ್ಟಿದ ಅಣ್ಣ. ದಿನಾ ಪಕ್ಕದಲ್ಲೇ ಊಟಕ್ಕೆ ಕೂತು, ‘ಹೋದ್ರೆ ಹೋಗ್ಲಿ ಬಿಡೇ’ ಎಂದು ಸಮಾಧಾನ ಹೇಳಿದ ಮಹಾನುಭಾವ! ಇವತ್ತು ಉಪಾಯವಾಗಿ ತಂಗಿಯನ್ನು ಮಕ್ಕಳ ವಾರ್ಡಿಗೆ ಅಟ್ಟಿದ್ದ. ಆದರೆ ಈ ಔಷಧಕ್ಕೆ ಇಬ್ಬರು ನರ್ಸ್‌ಗಳ ಸಹಿ ಬೇಕೆಂದು ತಾನೇ ಮಾಡಿದ್ದ ನಿಯಮವನ್ನು ಮರೆತಿದ್ದ. ಎರಡನೇ ಸಹಿಗೆ ಕರೆಸಿದ್ದು ಅವಳನ್ನೇ.

“ಇಬ್ರೂ ಸೇರಿ ನನ್ನ ಪೆದ್ದಿ ಮಾಡಿದ್ರಲ್ಲ!”

“ನಾನೇ ಅವರ ಬಾಯಿ ಕಟ್ಟಿದ್ದು. ಮಾತೇ ಹೋಗ್ಬಹುದು ಅಂದ್ರು ಕಣೇ. ಮೂಗನ್ನ ಕಟ್ಕೊಂಡು ನೀನು...”

“ಅದನ್ನ ನಾನು ಹೇಳ್ಬೇಕಿತ್ತು! ಕುಡಿ. ಇದು ಒಳಗೆ ಹೋದ್ರೆ, ಆಪರೇಷನ್ ಹೊತ್ತಲ್ಲಿ ನೀಲಿ ಬೆಳಕಿಗೆ ಗಡ್ಡೆ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತೆ. ಅಡಗಿರೋದೆಲ್ಲ ಸಿಕ್ಕಿಬೀಳುತ್ತೆ... ನಿಮ್ಮ ಸುಳ್ಳೊಂದು ಬಿಟ್ಟು!”

ಅವನು ಕುಡಿದ. ಅವಳ ಸಹಿಗೆ ಕಾಗದವೇ ಹರಿಯಿತು.

ಸಂಜೆ ಅಣ್ಣ ಹೊರಬಂದ. “ಹೊಳೆದಿದ್ದೆಲ್ಲ ತೆಗೆದೆ, ಪುಟ್ಟಿ. ಮಾತಿನ ಜಾಗದ ಅಂಚಲ್ಲೇ ಇತ್ತು. ಮಾತು ಉಳಿದಿದ್ಯಾ ಅಂತ ಎಚ್ಚರ ಆದ್ಮೇಲೇ ಗೊತ್ತಾಗೋದು... ನನ್ನ ಕ್ಷಮಿಸ್ತೀಯಾ?”

“ನಿನ್ನ ಸರದಿ ಆಮೇಲೆ!”

ಆ ಔಷಧ ಕುಡಿದ ಮೈಗೆ ಬೆಳಕು ತಾಗಬಾರದು. ಮರುದಿನ ಬೆಳಿಗ್ಗೆ ಕಿಟಕಿಯ ಪರದೆಗಳನ್ನು ಅವಳೇ ಬಿಗಿಯಾಗಿ ಎಳೆದಳು.

ಅವನು ಕಣ್ಣು ಬಿಟ್ಟ. ತುಟಿ ಅಲುಗಿತು... ದನಿಯಿಲ್ಲ!

‘ದೇವರೇ... ನಾನು ಬೈದ್ರೆ ತಿರುಗಿ ಒಂದು ಉತ್ತರನಾದ್ರೂ ಕೊಡ್ಬೇಕಲ್ಲ ಇವನು!’

“ಬೇ... ಬೇರೆಯವಳು?”

ಅವಳ ಕಣ್ಣು ತುಂಬಿತು. “ಹೋದ್ಳು.”

“ನೀ... ನೀನು?”

“ಕೋಪ ಇಳಿದಿಲ್ಲ. ಇಳಿಯೋವರೆಗೂ ದಿನಾ ಬೈತೀನಿ.”

“ಒಂದೇ... ಸಾಲಲ್ಲೇನಾ?”

“ನಿನ್ನ ಥರ ಜಿಪುಣಿ ಅಲ್ಲ ನಾನು. ಜೀವನಪೂರ್ತಿ ಬೈತೀನಿ!”

ಅವನ ಬೆರಳು ತಡಕಾಡಿ ಅವಳ ಕೈ ಹಿಡಿಯಿತು.

“ಶುರು... ಮಾಡು.”