ಅಜ್ಜಿಯ ಒಪ್ಪೊತ್ತು

ಟಿಣ್... ಎಂದಿತು. ಸ್ಟೀಲಿನ ಮುಚ್ಚಳವೊಂದು ಪಾತ್ರೆಯ ಅಂಚಿಗೆ ತಾಗಿದಂಥ, ತಾಗಿದೊಡನೆ ಯಾರೋ ಬೆರಳಿಟ್ಟು ಅದುಮಿದಂಥ ಸಣ್ಣ ಸದ್ದು. ಭಾರ್ಗವಿ ಹಾಸಿಗೆಯಲ್ಲಿ ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಕೃಷ್ಣಕಿಶೋರ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಮಗಳು ಮನ್ವಿತಾ ಆಚೆಯ ಕೋಣೆಯಲ್ಲಿ ಅಜ್ಜಿಯ ಜೊತೆ ಇದ್ದಳು. ಅತ್ತೆ ಊರ್ಮಿಳಾ ರಾತ್ರಿ ಅಡುಗೆಕೋಣೆ ಒರೆಸಿ ಬಾಗಿಲು ಎಳೆದರೆಂದರೆ ಮತ್ತೆ ಬೆಳಗಾಗುವವರೆಗೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಇಲಿಯಿರಬೇಕು ಎಂದುಕೊಂಡಳು. ಆದರೆ ಇಲಿ ಸದ್ದನ್ನು ಬೆರಳಿಟ್ಟು ಅದುಮುತ್ತದೆಯೇ? ಎದ್ದು ನೋಡಬೇಕೆನಿಸಿತು, ಏಳಲಿಲ್ಲ. ಎದ್ದರೆ ಗಂಡನಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಸಂಜೆ ಅರ್ಧಕ್ಕೆ ನಿಂತ ಮಾತು ಮತ್ತೆ ಶುರುವಾಗುತ್ತದೆ ಎಂಬ ಹೆದರಿಕೆ ಅವಳಿಗೆ.

ಆ ಮಾತು ಹುಟ್ಟಿದ್ದು ಒಂದು ಬಟ್ಟಲು ಅನ್ನದಿಂದ. ಎರಡು ವರ್ಷದ ಮನ್ವಿತಾ ಉಣ್ಣುವುದಿಲ್ಲ! ರಾಗಿ ಮಣ್ಣಿ ಕೊಟ್ಟರೆ ತುಟಿ ಬಿಗಿಹಿಡಿಯುತ್ತಾಳೆ. ಅನ್ನಕ್ಕೆ ತೊವ್ವೆ, ತುಪ್ಪ ಹಾಕಿ ಮೆತ್ತಗೆ ಕಲಸಿ ಕೊಟ್ಟರೆ ಕೆನ್ನೆಯೊಳಗೆ ಇಟ್ಟುಕೊಂಡು, ಎಲ್ಲರೂ ಗೆದ್ದೆವೆಂದುಕೊಂಡ ಹೊತ್ತಿಗೆ ಎದೆಯ ಮೇಲೆ ಇಳಿಬಿಡುತ್ತಾಳೆ. ಮೊಬೈಲ್ ತೋರಿಸಿದರೆ ಮೊಬೈಲ್ ನೋಡುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಫಳ್ನೀರು ರಸ್ತೆಯ ಮಕ್ಕಳ ಡಾಕ್ಟರು ತೂಕ ನೋಡಿ ನಕ್ಕಿದ್ದರು. "ಬಾಲೆ ಆರಾಮ ಉಂಟು. ನೀವೇ ಕೊರಗಿ ಸಪೂರ ಆಗಿದ್ದೀರಿ! ಹಸಿವಾದ್ರೆ ತಿಂತಾಳೆ, ಸ್ವಲ್ಪ ಬಿಟ್ಟುಬಿಡಿ." ಭಾರ್ಗವಿಗೆ ಆ ಮಾತಿನಿಂದ ಸಮಾಧಾನಕ್ಕಿಂತ ಗೊಂದಲವೇ ಹೆಚ್ಚಾಯಿತು. ತನ್ನ ಕಣ್ಣೆದುರಿಗೆ ನಾಲ್ಕು ಅಗುಳೂ ನುಂಗದ ಮಗುವಿನ ತೂಕ ಇಳಿಯದೆ ಇರುವುದು ಹೇಗೆ? ಡಾಕ್ಟರು ಸರಿಯಾಗಿ ನೋಡಲಿಲ್ಲವೋ, ತನಗೇ ನೋಡಲು ಬರುವುದಿಲ್ಲವೋ...

ಮನೆಯಲ್ಲಿ ಈ ವಿಷಯ ದೊಡ್ಡದಾದದ್ದು ಅತ್ತೆಯ ಹರಕೆಯಿಂದ. ಒಂದು ಶುಕ್ರವಾರ ದೇವರ ದೀಪದ ಮುಂದೆ ನಿಂತು ಊರ್ಮಿಳಾ ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಬಾಲೆ ಹೊಟ್ಟೆ ತುಂಬ ಅನ್ನ ಉಣ್ಣುವವರೆಗೆ ನನ್ನದು ಒಪ್ಪೊತ್ತು." ಮಧ್ಯಾಹ್ನ ಒಂದು ಊಟ, ರಾತ್ರಿಗೆ ಅರ್ಧ ಲೋಟ ಹಾಲು, ಅಷ್ಟೇ. ಮಾವ ವಿಷ್ಣುಮೂರ್ತಿ ದೇವಸ್ಥಾನದ ಅರ್ಚಕರು. ಹರಕೆಗೆ ಬೇಡ ಎನ್ನುವ ನಾಲಿಗೆ ಅವರಿಗಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ರಾತ್ರಿ ಮಾತ್ರೆ ಬೇರೆ ಉಂಟು ಎಂದು ಭಾರ್ಗವಿ ಮೆಲ್ಲಗೆ ನೆನಪಿಸಿದ್ದಕ್ಕೆ, "ನನ್ನ ಮಾತ್ರೆಯ ಚಿಂತೆ ನಿನಗೆ ಬೇಡ. ಬಾಲೆಯ ಹೊಟ್ಟೆಯ ಚಿಂತೆ ಮಾಡು" ಎಂದು ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಮಗುವಿನ ಪ್ರತಿ ತುತ್ತಿನ ಹಿಂದೆ ಒಬ್ಬ ಮುದುಕಿಯ ಉಪವಾಸ ನಿಂತಿತು.

ಆ ಸಂಜೆಯೂ ಹಾಗೆಯೇ. ಮನ್ವಿತಾಳನ್ನು ನಡುಮನೆಯಲ್ಲಿ ಪುಟ್ಟ ಕುರ್ಚಿಯ ಮೇಲೆ ಕೂರಿಸಿ ನಾಲ್ವರೂ ಸುತ್ತ ನಿಂತಿದ್ದರು. ಈ ಮನೆಯಲ್ಲಿ ಮಗುವಿನ ಊಟ ಮೊದಲು, ಆಮೇಲೆ ಗಂಡಸರದ್ದು, ಕೊನೆಗೆ ಹೆಂಗಸರದ್ದು. ಮಧ್ಯಾಹ್ನವಂತೂ ಅತ್ತೆ ಮಡಿಯಲ್ಲಿ, ಅಡುಗೆಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಉಣ್ಣುತ್ತಾರೆ. ಮಗು ಅತ್ತ ಸುಳಿಯುವಂತಿಲ್ಲ. ವಿಷ್ಣುಮೂರ್ತಿ ಬೀಗದ ಕೈಗೊಂಚಲನ್ನು ಪೂಜೆಯ ಗಂಟೆಯ ಹಾಗೆ ಆಡಿಸಿದರು. ಕೃಷ್ಣಕಿಶೋರ್ ಕಾಗೆಯಂತೆ ಕೂಗಿದ.

"ಇದು ಕಾಗೆಗೆ... ಇದು ಅಜ್ಜನಿಗೆ... ಇದು ಪಪ್ಪನಿಗೆ... ಇನ್ನೊಂದೇ ತುತ್ತು, ನನ್ನ ಚಿನ್ನ ಅಲ್ವಾ?" ಭಾರ್ಗವಿ ತುತ್ತನ್ನು ಮಗುವಿನ ಬಾಯಿಯ ಬಳಿ ಹಿಡಿದಳು.

"ಅಜ್ಜನಿಗೆ ಬಂದದ್ದನ್ನು ಅಜ್ಜನಿಗೇ ಕೊಡು ಮಾರಾಯ್ತಿ, ನನಗೂ ಹಸಿವಾಗ್ತಾ ಉಂಟು" ಎಂದು ಮಾವ ನಗಿಸಲು ನೋಡಿದರು. ಯಾರೂ ನಗಲಿಲ್ಲ. ಮನ್ವಿತಾ ಎಲ್ಲರ ಮುಖಗಳನ್ನು ಒಂದೊಂದಾಗಿ ನೋಡಿ, ಕೈ ಬೀಸಿ ಬಟ್ಟಲನ್ನು ಹೊಡೆದಳು. ಅನ್ನ ನೆಲದ ತುಂಬ ಚೆಲ್ಲಿತು!

"ನೋಡು!" ಊರ್ಮಿಳಾ ಹಣೆ ಚಚ್ಚಿಕೊಂಡರು. "ಕಾಲೇಜಿನಲ್ಲಿ ಅಷ್ಟು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸ್ಲಿಕ್ಕೆ ಬರ್ತದೆ, ಹೆತ್ತ ಬಾಲೆಗೆ ಒಂದು ತುತ್ತು ಉಣ್ಣಿಸ್ಲಿಕ್ಕೆ ಬರುದಿಲ್ಲ. ಇಡೀ ದಿನ ಅಮ್ಮನ ಮುಖ ಕಾಣದ ಬಾಲೆ ಎಂತ ಉಣ್ಣುತ್ತದೆ?"

"ಅತ್ತೆ, ನಾನು ರಜೆ ಹಾಕಿ ಮನೆಯಲ್ಲಿದ್ದಾಗಲೂ..."

"ಎದುರು ಮಾತಾಡು. ಅದೊಂದು ಚೆನ್ನಾಗಿ ಬರ್ತದೆ."

ಕೃಷ್ಣಕಿಶೋರ್ ನೆಲದ ಅನ್ನವನ್ನು ಬಳಿಯುತ್ತ, ತಲೆಯೆತ್ತದೆ ಹೇಳಿದ: "ಭಾರ್ಗವಿ, ಸಾಕು. ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿಬಿಡು. ಕೆಲಸ ಮತ್ತೆ ಸಿಗ್ತದೆ. ಅಲ್ಲಿ ಬಾಲೆ, ಇಲ್ಲಿ ಅಮ್ಮ, ಇಬ್ಬರೂ ಉಪವಾಸ... ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ."

ಮತ್ತೆ ಸಿಗುತ್ತದೆ! ವರ್ಷಗಟ್ಟಲೆ ಅತಿಥಿ ಉಪನ್ಯಾಸಕಿಯಾಗಿ, ಬೇರೆಯವರು ಬಿಟ್ಟ ತರಗತಿಗಳನ್ನು ತೆಗೆದುಕೊಂಡು, ಈ ಜೂನಿನಲ್ಲಷ್ಟೇ ಖಾಯಂ ಆದ ಕೆಲಸ. ಕೊಡಿಯಾಲ್‌ಬೈಲಿನ ಕಾಲೇಜಿನ ಆ ಲ್ಯಾಬಿನ ಕಿಟಕಿಯ ಬಳಿ ನಿಂತಾಗ ಮಾತ್ರ ಅವಳಿಗೆ ತಾನೂ ಒಬ್ಬಳು ಮನುಷ್ಯಳು ಎನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹಸಿದ ಮಗುವಿನ ಮುಂದೆ ನಿಂತು 'ನನಗೆ ನನ್ನ ಲ್ಯಾಬು ಬೇಕು' ಎನ್ನುವ ತಾಯಿಯನ್ನು ಯಾರು ಕ್ಷಮಿಸುತ್ತಾರೆ? ಅವಳೇ ಕ್ಷಮಿಸಿಕೊಳ್ಳಲಾರಳು... ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುರಾತ್ರಿ ಅದೇ ಸದ್ದು ಬಂದಾಗ ಭಾರ್ಗವಿ ಎದ್ದಳು. ಅಡುಗೆಕೋಣೆಯ ಬಾಗಿಲು ಒಂದಿಷ್ಟು ತೆರೆದಿತ್ತು. ಒಳಗೆ ದೀಪವಿಲ್ಲ, ಬೀದಿಯ ಬೆಳಕು ಕಿಟಕಿಯ ಸರಳುಗಳ ನಡುವಿನಿಂದ ನೆಲಕ್ಕೆ ಬಿದ್ದಿತ್ತು. ಆ ಬೆಳಕಿನಲ್ಲಿ ಅತ್ತೆ ಕಾಲು ಚಾಚಿ ಕುಳಿತಿದ್ದರು. ಮುಂದೆ ಮಜ್ಜಿಗೆಯಲ್ಲಿ ಕಿವುಚಿದ ತಣ್ಣನೆಯ ಅನ್ನದ ಪಾತ್ರೆ, ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ. ತೊಡೆಯ ಮೇಲೆ... ತೊಡೆಯ ಮೇಲೆ ಮನ್ವಿತಾ!

ಭಾರ್ಗವಿ ಬಾಗಿಲ ಬಳಿಯೇ ನಿಂತಳು. ಮಗು ಪಾತ್ರೆಗೆ ಕೈ ಹಾಕಿ, ಮುಷ್ಟಿಯಲ್ಲಿ ಹಿಡಿದಷ್ಟನ್ನು ತನ್ನ ಬಾಯಿಗೆ ತುರುಕಿಕೊಂಡು ಚಪ್ಪರಿಸಿತು. ಮತ್ತೊಂದು ಮುಷ್ಟಿಯನ್ನು ಅಜ್ಜಿಯ ಬಾಯಿಗೆ ಒತ್ತಿತು.

"ಅಜ್ಜಿ, ಆಂ... ಆಂ ಮಾಡು. ಇದು ಕಾಗೆ."

"ನನಗೆ ಸಾಕು ಮಗಾ. ಕೈ ನಡುಗುದು ನಿಂತಿತು. ನೀನು ತಿನ್ನು" ಎಂದರು ಅತ್ತೆ ಪಿಸುಸ್ವರದಲ್ಲಿ. ಅವರ ಸೆರಗು ಬೆವರಿನಿಂದ ಕುತ್ತಿಗೆಗೆ ಅಂಟಿತ್ತು.

"ಇನ್ನೊಂದೇ... ತುತ್ತು. ಚಿನ್ನ ಅಲ್ವಾ?"

ಭಾರ್ಗವಿಯದೇ ಮಾತುಗಳು, ಭಾರ್ಗವಿಯದೇ ರಾಗ! ಅತ್ತೆ ಬಾಯಿ ತೆರೆದರು. ಮಗುವಿನ ಎಂಜಲು ಕೈಯಿಂದ ಆ ಅನ್ನವನ್ನು ತೆಗೆದುಕೊಂಡು, ನುಂಗಿ, ದೇವರ ಕೋಣೆಯ ಕಡೆ ತಿರುಗಿ ಎರಡೂ ಕೆನ್ನೆಗೆ ಬಡಿದುಕೊಂಡರು. "ತಪ್ಪಾಯ್ತು ದೇವರೇ... ಮಾತ್ರೆ ನುಂಗಿದ ಮೇಲೆ ಕಣ್ಣು ಕತ್ತಲೆ ಬರ್ತದೆ, ನಾನೆಂತ ಮಾಡ್ಲಿ? ಶಿಕ್ಷೆ ಕೊಡುದಾದ್ರೆ ನನಗೆ ಕೊಡು. ಬಾಲೆಗೆ ಬೇಡ." ಹಾಗೆ ಹೇಳುತ್ತಲೇ ಅತ್ತರು. ಮಗು ಅವರ ಕಣ್ಣೀರಿಗೆ ಬೆರಳು ಹಚ್ಚಿ ನೋಡಿ, ಮತ್ತೆ ಪಾತ್ರೆಗೆ ಕೈ ಹಾಕಿತು.

ಭಾರ್ಗವಿ ಗೋಡೆ ಹಿಡಿದು ಹಿಂದೆ ಸರಿದಳು. ಕೂಗಬೇಕೆನಿಸಿತು. ಓಡಿಹೋಗಿ ಇಬ್ಬರನ್ನೂ ತಬ್ಬಿಕೊಳ್ಳಬೇಕೆನಿಸಿತು. ಎರಡೂ ಒಟ್ಟಿಗೆ ಅನಿಸಿದ್ದರಿಂದ ಯಾವುದನ್ನೂ ಮಾಡಲಾಗಲಿಲ್ಲ. ಮಗು ಉಣ್ಣುತ್ತದೆಂದು ಇವರಿಗೆ ಗೊತ್ತಿತ್ತು! ಗೊತ್ತಿದ್ದೂ ಹಗಲೆಲ್ಲ ನನ್ನ ಮೇಲೆ ಹಣೆ ಚಚ್ಚಿಕೊಂಡರು! ನನ್ನ ಕೆಲಸ ಬಿಡಿಸಲೆಂದೇ? ಇಲ್ಲ, ಮಗು ಉಣ್ಣುತ್ತದೆ ಎಂದರೆ ತಾನು ಉಂಡದ್ದನ್ನೂ ಹೇಳಬೇಕಾಗುತ್ತದೆ ಎಂದೇ? ಅರ್ಚಕರ ಹೆಂಡತಿ ದೀಪದ ಮುಂದೆ ಆಡಿದ ಮಾತನ್ನು ತಣ್ಣನೆಯ ಅನ್ನಕ್ಕೆ ಮುರಿದಳೆಂದರೆ... ಕೋಪ ಬರಲೆಂದು ಅವಳು ಕಾದಳು. ಬಂದಿತು, ಆದರೆ ಅದರ ಜೊತೆಗೇ ಬೆವರಿಗೆ ಅಂಟಿದ ಆ ಸೆರಗೂ ಕಣ್ಣ ಮುಂದೆ ಬಂದು ನಿಂತಿತು. ಮತ್ತೊಂದು ಯೋಚನೆ ಇವೆಲ್ಲಕ್ಕಿಂತ ಹೆಚ್ಚು ಚುಚ್ಚಿತು. ಈ ಮನೆಯಲ್ಲಿ ಎಲ್ಲರೂ ಮಗುವಿಗೆ ಉಣ್ಣಿಸಿದ್ದಾರೆ. ಮಗುವಿನ ಜೊತೆ ಕುಳಿತು ಉಂಡವರು ಯಾರು?

ಬೆಳಗಾದರೆ ಭಾನುವಾರ. ಮಧ್ಯಾಹ್ನ ನೈವೇದ್ಯ ಮುಗಿಸಿ ಮಾವ ಮನೆಗೆ ಬಂದಾಗ ಕೃಷ್ಣಕಿಶೋರ್ ಮತ್ತೆ ಶುರು ಮಾಡಿದ. "ನಾಳೆ ಹೇಳ್ತೀಯಲ್ಲ, ಭಾರ್ಗವಿ?"

ಒಂದೇ ಒಂದು ಮಾತು ಸಾಕಿತ್ತು. 'ನಿಮ್ಮ ಅಮ್ಮನನ್ನು ಕೇಳಿ' ಎಂದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಉಣ್ಣಿಸಲು ಬಾರದ ತಾಯಿ ಎಂಬ ಹಣೆಪಟ್ಟಿ ಕಳಚುತ್ತದೆ. ಅವಳು ಅತ್ತೆಯ ಮುಖ ನೋಡಿದಳು. ಹಗಲ ಬೆಳಕಿನಲ್ಲಿ ಆ ಮುಖ ಎಷ್ಟು ಬತ್ತಿತ್ತು!

"ಮೊದಲು ಊಟ ಆಗ್ಲಿ" ಎಂದು ಭಾರ್ಗವಿ ಅಡುಗೆಕೋಣೆಯ ನೆಲದ ಮೇಲೆ ಎಲ್ಲರಿಗೂ ಬಾಳೆಲೆ ಹಾಕಿದಳು. ಪುಟ್ಟ ಕುರ್ಚಿ ತರಲಿಲ್ಲ. ಅತ್ತೆಯ ಎಲೆಯ ಮುಂದೆ ರಾತ್ರಿಯ ಅದೇ ಪಾತ್ರೆಯನ್ನು ಇಟ್ಟಳು. ಅದರಲ್ಲಿ ಮಜ್ಜಿಗೆಯಲ್ಲಿ ಕಿವುಚಿದ ಅನ್ನ, ಅಂಚಿನಲ್ಲಿ ಒಂದು ಮಿಡಿ.

ಊರ್ಮಿಳಾ ಪಾತ್ರೆಯನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. ಸೆರಗಿನಿಂದ ಹಣೆ ಒರೆಸಿಕೊಂಡರು.

"ಅತ್ತೆ, ಇವತ್ತು ಇವಳನ್ನು ನಿಮ್ಮ ತೊಡೆ ಮೇಲೆ ಕೂರಿಸ್ತೇನೆ. ನೀವೂ ಊಟ ಮಾಡಿ, ಅವಳೂ ಮಾಡ್ಲಿ. ನಾವು ಯಾರೂ ಆ ಕಡೆ ನೋಡುದಿಲ್ಲ."

"ನಿನ್ನ ಅತ್ತೆ ಮಡಿಯಲ್ಲಿದ್ದಾಳಲ್ಲ!" ಎಂದರು ವಿಷ್ಣುಮೂರ್ತಿ.

ಊರ್ಮಿಳಾ ಕೈ ಚಾಚಿ ಮೊಮ್ಮಗಳನ್ನು ಎಳೆದುಕೊಂಡರು. "ಬಾಲೆಗೆ ಎಂತ ಮಡಿ? ನೀವು ಉಣ್ಣಿ ಸುಮ್ಮನೆ."

ಎಲ್ಲರೂ ತಮ್ಮ ತಮ್ಮ ಎಲೆ ನೋಡಿಕೊಂಡು ಉಂಡರು. ಯಾರೂ ಕಾಗೆಯಂತೆ ಕೂಗಲಿಲ್ಲ. ಮನ್ವಿತಾ ಮೊದಲು ಪಾತ್ರೆಯ ಅಂಚಿನ ಮೇಲೆ ಬೆರಳಾಡಿಸಿದಳು. ಭಾರ್ಗವಿ ತನ್ನ ಎಲೆಯ ಅನ್ನವನ್ನು ಕಲಸುತ್ತಲೇ ಇದ್ದಳು. ಉಣ್ಣದಿದ್ದರೆ? ಇಷ್ಟೆಲ್ಲ ಮಾಡಿಯೂ ಉಣ್ಣದಿದ್ದರೆ?... ಆಗ ಚಪ್ಪರಿಸುವ ಸದ್ದು ಕೇಳಿತು. ಮತ್ತೆ ಕೇಳಿತು. ಕೃಷ್ಣಕಿಶೋರ್ ತಡೆಯಲಾರದೆ ಓರೆಗಣ್ಣಿನಲ್ಲಿ ನೋಡಿ, "ಅಪ್ಪಾ... ಉಣ್ತಾಳೆ!" ಎಂದು ಉಸುರಿದ. ಮಗು ಪಾತ್ರೆಯ ತಳದವರೆಗೆ ಕೈಯಾಡಿಸಿ, ಮಜ್ಜಿಗೆ ಮೆತ್ತಿದ ಕೈಯಿಂದ ಅಜ್ಜಿಯ ಗಲ್ಲ ಹಿಡಿಯಿತು.

ವಿಷ್ಣುಮೂರ್ತಿಯವರ ಕಣ್ಣು ತುಂಬಿತು. "ಕಂಡ್ಯಾ ಭಾರ್ಗವಿ? ನಿನ್ನ ಅತ್ತೆಯ ಒಪ್ಪೊತ್ತಿನ ಫಲ! ಇವತ್ತು ಸಂಜೆಯೇ ದೇವರಿಗೆ ಪಂಚಕಜ್ಜಾಯ ಮಾಡಿಸ್ತೇನೆ. ಹರಕೆ ಸುಳ್ಳಾಗುದಿಲ್ಲ."

"ಹೌದು ಮಾವ" ಎಂದಳು ಭಾರ್ಗವಿ. ಆ ಎರಡು ಮಾತು ಆಡುವುದು ಮಗುವಿಗೆ ರಾಗಿ ಮಣ್ಣಿ ನುಂಗುವಷ್ಟೇ ಕಷ್ಟವಾಯಿತು ಅವಳಿಗೆ. ಮುರಿದ ಹರಕೆಗೆ ದೇವರಿಗೆ ಪಂಚಕಜ್ಜಾಯ! ತಾನು ಮಾವನಿಂದ ದೇವರಿಗೇ ಸುಳ್ಳು ಹೇಳಿಸುತ್ತಿದ್ದೇನೆಯೇ, ಅಥವಾ ದೇವರಿಗೆ ಎಲ್ಲ ಗೊತ್ತಿದ್ದು ಅವನೂ ಸುಮ್ಮನಿದ್ದಾನೆಯೇ? ತಿಳಿಯಲಿಲ್ಲ.

ಊರ್ಮಿಳಾ ಎಲೆ ಮಡಚುತ್ತ, ಯಾರನ್ನೂ ನೋಡದೆ ಹೇಳಿದರು: "ಕಿಶೋರ, ಅವಳ ಕೆಲಸದ ಸುದ್ದಿ ಇನ್ನು ಎತ್ತಬೇಡ. ಅವಳು ಕಾಲೇಜಿಗೆ ಹೋಗ್ಲಿ. ಬಾಲೆ ನನ್ನ ಒಟ್ಟಿಗೆ ಉಣ್ಣುತ್ತದೆ."

ಅದು ಕ್ಷಮೆ ಕೇಳಿದ್ದೋ, ತಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಕೊಟ್ಟ ಬೆಲೆಯೋ ಭಾರ್ಗವಿಗೆ ಅರ್ಥವಾಗಲಿಲ್ಲ. ಆದರೆ ಆ ರಾತ್ರಿ ಎಲ್ಲರ ಜೊತೆ ಕುಳಿತು ಅತ್ತೆ ಎರಡು ಸೌಟು ಅನ್ನ ಹಾಕಿಸಿಕೊಂಡರು. ಬಡಿಸುವಾಗ ಭಾರ್ಗವಿ ಕೇಳದೆಯೇ ಮೂರನೆಯ ಸೌಟು ಹಾಕಿದಳು. ಅತ್ತೆ ಬೇಡವೆನ್ನಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಗೆಳತಿ ಡ್ಯಾಫ್ನಿ ಕೈ ಹಿಡಿದು ಕೇಳಿದಳು. "ರಿಸೈನ್ ಮಾಡುದಿಲ್ವಾ? ಬಾಲೆ ಉಣ್ತದಾ? ಎಂತ ಮಾರಾಯ್ತಿ, ಎಂತ ಮಂತ್ರ ಮಾಡಿದ್ದು? ನನಗೂ ಹೇಳು. ನನ್ನ ಜೇಸನ್ ಬಿಸ್ಕೆಟ್ ಬಿಟ್ಟು ಬೇರೆ ಎಂತದೂ ಮುಟ್ಟುದಿಲ್ಲ!"

ಭಾರ್ಗವಿಯ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಬೀದಿಯ ಬೆಳಕು, ತಣ್ಣನೆಯ ಅನ್ನ, ಕೆನ್ನೆಗೆ ಬಡಿದುಕೊಂಡ ಆ ಕೈ... ಹೇಳಿದರೆ ತನ್ನ ಎದೆ ಹಗುರವಾಗುತ್ತದೆ. ಆದರೆ ಆ ಮುದುಕಿ ಕತ್ತಲೆಯಲ್ಲಿ ಕುಳಿತು ಹೊತ್ತದ್ದನ್ನು ತಾನು ಬೆಳಕಿನಲ್ಲಿ ಇಳಿಸಿಬಿಟ್ಟಂತೆ ಆಗುವುದಿಲ್ಲವೇ?

"ಅವನ ಒಟ್ಟಿಗೆ ಕೂತು ನೀನೂ ಊಟ ಮಾಡು ಡ್ಯಾಫ್ನಿ, ಅಷ್ಟೇ" ಎಂದು ಎದ್ದಳು.

ಉಳಿದದ್ದನ್ನು ಅವಳು ಡ್ಯಾಫ್ನಿಗೆ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ. ಮುಂದೊಂದು ದಿನ ಮನ್ವಿತಾ ದೊಡ್ಡವಳಾಗಿ, 'ಅಮ್ಮ, ನಾನು ಸಣ್ಣವಳಿರುವಾಗ ಅಜ್ಜಿ ನನಗೋಸ್ಕರ ಉಪವಾಸ ಇದ್ದರಂತೆ, ಹೌದಾ?' ಎಂದು ಕೇಳಿದರೆ, ಹೌದು ಎನ್ನುತ್ತಾಳೆ. ಹಾಗೆಂದು ತೀರ್ಮಾನಿಸಿ, ಲ್ಯಾಬಿನ ಬಾಗಿಲು ತೆರೆದು ಕಿಟಕಿಯ ಬಳಿ ಹೋಗಿ ನಿಂತಳು.