ಎಂಬತ್ತೈದನೆಯ ತೂತು

ಬುಧವಾರ ಬೆಳಗಿನ ನಮಾಜು ಮುಗಿಸಿ ಮನೆಗೆ ಹೋದ ಕದಿರ್ಕುಲ್ ಉಸ್ತಾ ಹತ್ತೇ ನಿಮಿಷದಲ್ಲಿ ಮಸೀದಿಗೆ ಓಡಿ ಬಂದ. ತಲೆಯ ಮೇಲೆ ಟೋಪಿ ಇರಲಿಲ್ಲ.

"ಮೊಲ್ದೊ, ನನ್ನ ಕಬ್ಬಿಣ ಹೋಯ್ತು."

"ಯಾವ ಕಬ್ಬಿಣ?"

"ಕಾಯಿಸಿ ಮರದಲ್ಲಿ ತೂತು ಸುಡೋ ಕಬ್ಬಿಣ. ನಮ್ಮಜ್ಜಂದು."

ಈ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮೊಲ್ದೊ. ನಮಾಜು ನಡೆಸುತ್ತೇನೆ, ಸತ್ತವರಿಗೆ ಪ್ರಾರ್ಥನೆ ಹೇಳುತ್ತೇನೆ, ಹಿರಿಯರ ಪಂಚಾಯಿತಿಯಲ್ಲಿ ಕೂರುತ್ತೇನೆ. ಆದರೆ ಕಳವು ಹುಡುಕಲು ದೇವರು ನನಗೆ ಕಣ್ಣು ಕೊಟ್ಟಿಲ್ಲ. ಅದನ್ನು ಸೈಕಾಲ್ ಅಕ್ಕನಿಗೆ ಕೊಟ್ಟಿದ್ದಾನೆ. ಅವಳು ಮೂವತ್ತು ವರ್ಷ ದನದ ಡಾಕ್ಟರ ಸಹಾಯಕಿಯಾಗಿದ್ದವಳು, ಪಂಚಾಯಿತಿಯಲ್ಲಿರುವ ಒಬ್ಬಳೇ ಹೆಂಗಸು. ಬಾಯಿಲ್ಲದ ಕುದುರೆಗೆ ಎಲ್ಲಿ ನೋವೆಂದು ಹೇಳಬಲ್ಲವಳು. ಬಾಯಿರುವ ಮನುಷ್ಯ ಅವಳಿಗೆ ಸುಲಭ.

ಅಕ್ಕನೂ ನಾನೂ ಉಸ್ತಾನ ಜೊತೆ ಅವನ ಕೆಲಸದ ಕೊಟ್ಟಿಗೆಗೆ ಹೋದೆವು. ಹೊಸ ಡ್ರಿಲ್ ಯಂತ್ರ ಇದ್ದಲ್ಲೇ ಇತ್ತು. ಉಳಿ, ಬಾಚಿ, ಡಬ್ಬದಲ್ಲಿದ್ದ ಚಿಲ್ಲರೆ, ಎಲ್ಲವೂ ಇತ್ತು. ಒಂದು ಮೊಳೆ ಮಾತ್ರ ಖಾಲಿ.

"ಗುಜರಿಗೆ ಹಾಕಿದ್ರೆ ಒಂದು ರೊಟ್ಟಿಗೂ ಸಾಲದ ಕಬ್ಬಿಣ. ಅದನ್ನ ಯಾಕೆ ಕದೀಬೇಕು?" ಎಂದಳು ಅಕ್ಕ. ಅವಳ ಕಣ್ಣು ಹೊಳೆಯುತ್ತಿತ್ತು. ಬಳಿಕ ಗೋಡೆ ನೋಡಿದಳು. "ಉಸ್ತಾ, ನಿನ್ನ ಮೊಳೆಗಳೆಲ್ಲ ಯಾಕೆ ಸೊಂಟದ ಎತ್ತರಕ್ಕಿವೆ?"

"ಕೈಗೆ ಸಿಗಲಿ ಅಂತ" ಎಂದು ಉಸ್ತಾ ಮುಖ ತಿರುಗಿಸಿದ.

ಉಸ್ತಾ ಎಂದರೆ ಕಸುಬುದಾರ. ಕದಿರ್ಕುಲ್ ಕಟ್ಟುವುದು ಕಂಬಳಿಮನೆ, ಮರದ ಚೌಕಟ್ಟಿಗೆ ಉಣ್ಣೆ ಕಂಬಳಿ ಹೊದಿಸಿದ ದುಂಡು ಮನೆ. ಮನೆಯ ನೆತ್ತಿಯಲ್ಲಿ ಮರದ ದೊಡ್ಡ ಬಳೆ, ಅದು ತುಂದುಕ್. ಅದರ ಅಂಚಿನ ಸುತ್ತ ಎಂಬತ್ತೈದು ಚೌಕ ತೂತು. ಸುತ್ತಲ ಗೋಡೆಯಿಂದ ಏರುವ ಎಂಬತ್ತೈದು ಸೂರುಕೋಲುಗಳ ತುದಿ ಅವುಗಳಲ್ಲಿ ಕೂರುತ್ತದೆ. ಕದಿರ್ಕುಲ್‌ನ ಮನೆತನದವರು ಎಂಬತ್ನಾಲ್ಕು ತೂತನ್ನು ಮಾತ್ರ ಸುಟ್ಟು ಮನೆ ಒಪ್ಪಿಸುತ್ತಾರೆ. ಕೊನೆಯ ಕೋಲನ್ನು ಹಗ್ಗದಲ್ಲಿ ಕಟ್ಟಿ ಬಿಡುತ್ತಾರೆ. ಮನೆ ಬೀಳುವುದಿಲ್ಲ, ಸೋರುವುದಿಲ್ಲ. ಆದರೆ ಆ ಕೋಲು ಬಾಗಿಲಿಗೆ ಎದುರಾಗಿ, ಗೌರವದ ಜಾಗದ ನೇರ ಮೇಲಿರುತ್ತದೆ. ಒಳಗೆ ಬಂದ ಪ್ರತಿಯೊಬ್ಬ ಅತಿಥಿಗೂ ಕಾಣುತ್ತದೆ. ಪೂರ್ತಿ ಹಣ ಬಂದ ದಿನ ಉಸ್ತಾ ಕೊನೆಯ ತೂತು ಸುಡುತ್ತಾನೆ. ಜಗಳವಿಲ್ಲ, ಬೈಗುಳವಿಲ್ಲ. ಮೂರು ತಲೆಮಾರು ಹೀಗೆಯೇ ನಡೆದಿತ್ತು.

"ಈಗ ಯಾರ ಮನೇಲಿ ಹಗ್ಗ ಇದೆ?" ಅಕ್ಕ ಕೇಳಿದಳು.

"ಒಬ್ಬಂದೇ. ಶೇರ್ಮಾತ್‌ದು."

ಆ ಕಥೆ ನನಗೆ ಗೊತ್ತಿತ್ತು. ಮನೆ ಕಟ್ಟಿಸಿದವನು ಶೇರ್ಮಾತ್‌ನ ಅಪ್ಪ ಬೇಯ್ಶೆನ್. ಅರ್ಧ ಹಣ ಕೊಟ್ಟು ಕಳೆದ ಶರತ್ಕಾಲದಲ್ಲಿ ತೀರಿಕೊಂಡ. ಹೆಣದ ಮುಂದೆ ನಿಂತು ನಾನು, "ಇವರು ಯಾರಿಗಾದರೂ ಕೊಡುವುದಿದೆಯೇ?" ಎಂದು ಕೇಳಿದಾಗ ಶೇರ್ಮಾತ್ ಎದೆಯ ಮೇಲೆ ಕೈಯಿಟ್ಟು, "ಅಪ್ಪನ ಸಾಲ ಎಷ್ಟೇ ಇರಲಿ, ನನ್ನ ಹೆಗಲ ಮೇಲೆ" ಎಂದಿದ್ದ. ಆಮೇಲೆ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಅಂದ, ಆಲೂಗಡ್ಡೆ ಮಾರಿದ ಮೇಲೆ ಅಂದ. ಒಂದೂವರೆ ಲಕ್ಷ ಸೋಮ್ ಬರಲಿಲ್ಲ. ಅವನ ಅಂಗಳಕ್ಕೆ ಬೂದುಬಣ್ಣದ ಓಟದ ಕುದುರೆ ಬಂತು.

"ನಿನ್ನೆ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಗುಜರಿ ದೊರೋನ್. ಪಕ್ಕದೂರಿನ ಅಬ್ದಿಲ್ದಾ ಉಸ್ತಾ, ಅಂಟು ಕೇಳ್ಕೊಂಡು. ಶೇರ್ಮಾತ್, ನಾಳೆ ಅವರಪ್ಪನ ವರ್ಷದ ಊಟಕ್ಕೆ ಕರೆಯೋಕೆ. ಚಹಾ ಕುಡಿದು ಹೋದ."

*

ಉಸ್ತಾ ಸೂರುಕೋಲಿನ ಕಡ್ಡಿ ಕಡಿಯಲು ಒಬ್ಬನೇ ನದಿಯ ಕಡೆ ಹೋದ. ನಾವು ದೊರೋನ್‌ನ ಗಾಡಿಯ ಹತ್ತಿರ ಹೋದೆವು.

"ಹುಡುಕಿ ಅಕ್ಕ, ಗಾಡಿ ಪೂರ್ತಿ ಹುಡುಕಿ" ಎಂದ ದೊರೋನ್. "ನಿಮ್ಮನೆ ಹಳೇ ಒಲೆ ಸಿಕ್ಕಿದ್ರೆ ಮಾತ್ರ ಕೇಳಬೇಡಿ. ಅದನ್ನ ನಿಮ್ಮ ಯಜಮಾನ್ರೇ ಮಾರಿದ್ದು."

ಗಾಡಿಯಲ್ಲಿ ಒಲೆ ಇತ್ತು, ಕಬ್ಬಿಣ ಇರಲಿಲ್ಲ. ಅಕ್ಕನ ಗಂಡನಿಗೆ ಆ ದಿನ ಒಳ್ಳೆಯದಾಗಲಿಲ್ಲ.

ಅಬ್ದಿಲ್ದಾ ಉಸ್ತಾ ನಮ್ಮ ಮಾತು ಕೇಳಿ ಬಿದ್ದು ಬಿದ್ದು ನಕ್ಕ.

"ಕದಿರ್ಕುಲ್‌ನ ಕಬ್ಬಿಣ ನಾನು ತಗೊಂಡು ಏನ್ ಮಾಡ್ಲಿ? ಅವನ ಕೋಲಿನ ತುದಿ ಬೇರೆ, ನನ್ನದು ಬೇರೆ. ಪಕ್ಕದ್ಮನೆಯವನ ಹಲ್ಲಿನ ಸೆಟ್ ಕದ್ದು ಮಾಂಸ ತಿನ್ನೋಕಾಗುತ್ತಾ?"

ದಾರಿಯಲ್ಲಿ ಅಕ್ಕ, "ಮೊಲ್ದೊ, ಆ ಕಬ್ಬಿಣ ಒಂದೇ ಬೀಗಕ್ಕೆ ಆಗೋ ಕೀಲಿಕೈ ಕಣಪ್ಪ. ನಾಳೆ ಊಟಕ್ಕೆ ಹೊಟ್ಟೆ ಖಾಲಿ ಇಟ್ಕೊಂಡು ಬಾ. ಕಣ್ಣೂ ತೆರೆದಿಟ್ಕೊಂಡು ಬಾ" ಎಂದಳು.

*

ಗುರುವಾರ ಶೇರ್ಮಾತ್‌ನ ಅಂಗಳದಲ್ಲಿ ಇನ್ನೂರು ಜನ. ಮೂರು ಕಡಾಯಿಗಳಲ್ಲಿ ಕುದುರೆ ಮಾಂಸ ಬೇಯುತ್ತಿತ್ತು. ನನ್ನನ್ನು ಕಂಬಳಿಮನೆಯ ಗೌರವದ ಜಾಗದಲ್ಲಿ ಕೂರಿಸಿದರು. ಒಂದರ ಮೇಲೊಂದು ಐದು ಹಾಸಿಗೆ. ಇಷ್ಟು ಮೆತ್ತಗೆ ನನ್ನನ್ನು ಯಾರೂ ಕೂರಿಸಿರಲಿಲ್ಲ. ಮನಸ್ಸಿನಲ್ಲೇ ಬೀಗಿದೆ. ದೇವರು ಕ್ಷಮಿಸಲಿ.

ಕದಿರ್ಕುಲ್ ಒಳಗೆ ಕಾಲಿಟ್ಟ. ತಲೆ ಎತ್ತಿದ. ಅಲ್ಲೇ ನಿಂತ.

ಹಗ್ಗ ಇರಲಿಲ್ಲ. ಎಂಬತ್ತೈದನೆಯ ಕೋಲು ತೂತಿನಲ್ಲಿ ಭದ್ರವಾಗಿ ಕೂತಿತ್ತು.

"ಇದನ್ನ ಯಾರು ಸುಟ್ಟಿದ್ದು?" ಎಂದು ಉಸ್ತಾ ಕೂಗಿದ.

"ಇದೇನು ಉಸ್ತಾ, ಮರೆವು ಬಂತಾ?" ಶೇರ್ಮಾತ್ ನಕ್ಕ. "ನಿನ್ನೆ ಮನೆಯವರೆಲ್ಲ ಸ್ಮಶಾನಕ್ಕೆ ಹೋಗಿದ್ದಾಗ ನೀನೇ ಬಂದೆ. ಹಣ ಎಣಿಸಿ ಜೇಬಿಗೆ ಹಾಕ್ಕೊಂಡೆ. ತೂತು ಸುಟ್ಟೆ."

"ಸುಳ್ಳು! ನನ್ನ ಕಬ್ಬಿಣ ಕದ್ದವನು ನೀನೇ!"

"ಕಬ್ಬಿಣ ಕಳೆದುಹೋಗಿದೆ ಅಂತ ಊರೆಲ್ಲ ಸಾರಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಎರಡನೇ ಸಲ ವಸೂಲಿ ಮಾಡೋಕೆ." ಶೇರ್ಮಾತ್ ಎಲ್ಲರ ಕಡೆ ತಿರುಗಿದ. "ನೀವೇ ಹೇಳಿ. ಹಣ ಬರದೆ ಇವರ ಮನೆಯವರು ಯಾವತ್ತಾದ್ರೂ ಕೊನೇ ತೂತು ಸುಟ್ಟಿದ್ದಾರಾ?"

ಉಸ್ತಾನನ್ನು ಮೂರು ತಲೆಮಾರು ಕಾಪಾಡಿದ ಪದ್ಧತಿಯೇ ಈಗ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಬುಧವಾರವಿಡೀ ಅವನು ಒಬ್ಬನೇ ನದಿಯ ಹತ್ತಿರ ಇದ್ದ. ನೋಡಿದವರಿಲ್ಲ.

ಪಂಚಾಯಿತಿಯ ಹಿರಿಯ ಗಡ್ಡ ನೀವಿಕೊಂಡ. "ಕದಿರ್ಕುಲ್, ಸತ್ತವನ ಊಟದಲ್ಲಿ ಅವನ ಮಗನಿಗೆ ಕಳ್ಳ ಅಂದಿದ್ದೀಯ. ಮಾಂಸ ಇಳಿಸೋದರೊಳಗೆ ಸಾಬೀತು ಮಾಡು. ಇಲ್ಲಾ, ಎಲ್ಲರೆದುರು ಕ್ಷಮೆ ಕೇಳು."

ಕ್ಷಮೆ ಕೇಳಿದರೆ ಹಣ ಹೋಯಿತು. ಎರಡು ಸಲ ಹಣ ಕೇಳುವ ಉಸ್ತಾನಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ?

*

ಸೈಕಾಲ್ ಅಕ್ಕ ನನ್ನನ್ನು ಕಡಾಯಿಗಳ ಹತ್ತಿರ ಕರೆದಳು.

"ಮೊಲ್ದೊ, ಜಮಾತಿಗೆ ಮುಂಚೆ ಎಲ್ಲರೂ ಬಿಡಿಬಿಡಿಯಾಗಿ ನಮಾಜು ಮಾಡ್ತೀರಲ್ಲ, ಆಗ ಕದಿರ್ಕುಲ್ ಎಲ್ಲಿ ನಿಲ್ತಾನೆ?"

"ಮೂಲೆಯಲ್ಲಿ, ಕಂಬದ ಮರೆಯಲ್ಲಿ."

"ಮೊದಲು ಎಲ್ಲಿ ನಿಲ್ತಿದ್ದ?"

"ಮುಂದಿನ ಸಾಲಿನಲ್ಲಿ. ಚಳಿಗಾಲದಿಂದ ಈಚೆಗೆ ಮೂಲೆಗೆ ಹೋದ."

"ತಕ್ಬೀರ್ ಹೇಳುವಾಗ ಕೈ ಎಲ್ಲಿಯವರೆಗೆ ಎತ್ತುತ್ತಾನೆ?"

ನಮಾಜು ಶುರು ಮಾಡುವಾಗ 'ಅಲ್ಲಾಹು ಅಕ್ಬರ್' ಎನ್ನುತ್ತಾ ಗಂಡಸರು ಎರಡೂ ಕೈ ಕಿವಿಯವರೆಗೆ ಎತ್ತಬೇಕು. ನಾನು ಕಣ್ಣುಮುಚ್ಚಿ ನೆನೆದೆ. ದಿನಕ್ಕೆ ಐದು ಸಲ ನೋಡಿದ್ದು, ಒಮ್ಮೆಯೂ ಕಾಣದ್ದು ಆಗ ಕಂಡಿತು.

"ಎಡಗೈ ಕಿವಿಯವರೆಗೆ. ಬಲಗೈ... ಎದೆಯವರೆಗೆ."

ಅಕ್ಕ ತಲೆಯಾಡಿಸಿ ಉಸ್ತಾನ ಬಳಿ ಹೋದಳು. ಅವನು ಬೇಲಿಯ ಪಕ್ಕ ಕೂತಿದ್ದ.

"ಭುಜ ಯಾವಾಗ ಹೋಯ್ತು?"

ಉಸ್ತಾ ಬೆಚ್ಚಿದ. "ಜನವರೀಲಿ. ಮಂಜುಗಡ್ಡೆ ಮೇಲೆ ಬಿದ್ದೆ. ಅಕ್ಕಾ, ಯಾರಿಗೂ ಹೇಳಬೇಡ. ಕೈಲಾಗದ ಉಸ್ತಾ ಅಂತ ಗೊತ್ತಾದ್ರೆ ನನ್ನ ಬಾಗಿಲಿಗೆ ಯಾರು ಬರ್ತಾರೆ?"

"ನಾನು ಹೇಳಲ್ಲ. ಅದು ನಿನ್ನ ಕೈ. ಹೇಳೋದು ಬಿಡೋದು ನಿನಗೆ ಸೇರಿದ್ದು. ನಾನು ಶೇರ್ಮಾತ್‌ನ ಮಾತಾಡಿಸ್ತೀನಿ, ಅಷ್ಟೇ."

*

ಮತ್ತೆ ಎಲ್ಲರೂ ಒಳಗೆ ಸೇರಿದರು. ನಾನು ಐದು ಹಾಸಿಗೆಯ ಮೇಲೆ ಕೂತೆ. ಶೇರ್ಮಾತ್‌ನ ತಾಯಿ ಬಾತ್ಮಾ ಹೆಂಗಸರ ಬದಿಯಲ್ಲಿ ಇದ್ದಳು.

"ಶೇರ್ಮಾತ್, ತೂತು ಸುಡುವಾಗ ತುಂದುಕ್ ಕೆಳಗಿಳಿಸಿದ್ರಾ?" ಅಕ್ಕ ಕೇಳಿದಳು.

"ಇಬ್ಬರೇ ಇಳಿಸೋಕಾಗುತ್ತಾ? ಮನೆ ಪೂರ್ತಿ ಬೀಳುತ್ತೆ. ಇದ್ದಲ್ಲೇ ಸುಟ್ಟ."

"ಹೇಗೆ?"

"ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಇಟ್ಟು ಹತ್ತಿದ. ಕೆಳಗಿಂದ ಒತ್ತಿ ಹಿಡಿದ."

"ಕಬ್ಬಿಣ ಭಾರ ಅಲ್ವಾ?"

"ಭಾರವೇ. ಎರಡೂ ಕೈಲಿ ತಲೆಗಿಂತ ಮೇಲೆತ್ತಿ ಹಿಡಿದಿದ್ದ. ನಾನು ಕೆಳಗೆ ನಿಂತು ನೋಡ್ತಾ ಇದ್ದೆ."

"ಕಿಡಿ ಬಿತ್ತಾ?"

ಶೇರ್ಮಾತ್ ಹಾಸಿಗೆಗಳ ಕಡೆ ಒಮ್ಮೆ ನೋಡಿದ. "ಇಲ್ಲ."

"ಮೊಲ್ದೊ, ಏಳಪ್ಪ."

ನಾನು ಎದ್ದೆ. ಅಕ್ಕ ಐದೂ ಹಾಸಿಗೆಗಳನ್ನು ಎಳೆದಳು. ಕೆಳಗೆ ಕೆಂಪು ಕಪ್ಪು ಹೂಗಳ ಹೊಸ ಶಿರ್ದಾಕ್ ಕಂಬಳಿ. ಅದರ ನಡುವೆ ಮೆಣಸಿನ ಕಾಳಿನಂಥ ಆರು ಸುಟ್ಟ ತೂತು. ಸುಟ್ಟ ಉಣ್ಣೆಯ ವಾಸನೆ ಇನ್ನೂ ಇತ್ತು. ಇಷ್ಟು ಹೊತ್ತು ನಾನು ಕೂತಿದ್ದು ಗೌರವದ ಮೇಲಲ್ಲ, ಕಳ್ಳತನದ ಮೇಲೆ.

"ಅಯ್ಯೋ, ನನ್ನ ಶಿರ್ದಾಕ್!" ಶೇರ್ಮಾತ್‌ನ ಹೆಂಡತಿ ಅನಾರ್ಕಾನ್ ಕೂಗಿದಳು. "ಎರಡು ವರ್ಷ ಹೊಲಿದಿದ್ದು! ಸುಟ್ಟವನ ಕೈ ಸೇದಿಹೋಗ!"

"ಉಸ್ತಾ ಸುಟ್ಟಿದ್ರೆ ನಿನ್ನ ಗಂಡ ಮೊದಲು ನಿನಗೇ ದೂರು ಹೇಳ್ತಿದ್ದ" ಎಂದಳು ಅಕ್ಕ. "ಬೇರೆಯವರ ತಪ್ಪನ್ನ ಯಾರೂ ಐದು ಹಾಸಿಗೆ ಹಾಕಿ ಮುಚ್ಚಲ್ಲ."

"ನನ್ನ ಹೆಂಡತಿಗೆ ಬೇಜಾರಾಗದಿರಲಿ ಅಂತ ಮುಚ್ಚಿದೆ! ಸುಟ್ಟಿದ್ದು ಅವನೇ, ಎರಡೂ ಕೈ ಮೇಲೆತ್ತಿ—"

"ಶೇರ್ಮಾತ್."

ಬಾಗಿಲಲ್ಲಿ ಕದಿರ್ಕುಲ್ ನಿಂತಿದ್ದ. ನಡುಮನೆಗೆ ಬಂದ. ಎಲ್ಲರ ಕಣ್ಣ ಮುಂದೆ ಬಲಗೈ ಎತ್ತಿದ. ಅದು ಎದೆಯವರೆಗೆ ಬಂತು. ಅಲ್ಲೇ ನಡುಗುತ್ತಾ ನಿಂತಿತು. ಹಣೆಯ ಮೇಲೆ ಬೆವರು ಮೂಡಿತು.

"ಇಷ್ಟೇ" ಎಂದ. "ಜನವರಿಯಿಂದ ಇಷ್ಟೇ ಏರೋದು."

"ನಾಟಕ!" ಎಂದ ಶೇರ್ಮಾತ್.

"ನಾಟಕವಲ್ಲ" ಎಂದೆ ನಾನು. "ಜನವರಿಯಿಂದ ಈ ಕೈ ತಕ್ಬೀರಿಗೂ ಎದೆ ದಾಟಿಲ್ಲ. ಅಲ್ಲಾಹನ ಮುಂದೆ ಏರದ ಕೈ ನಿನ್ನ ತುಂದುಕ್‌ಗೆ ಏರಿತೇ? ನೀನು ಒಂದು ದಿನವಾದರೂ ಮಸೀದಿಗೆ ಬಂದಿದ್ದರೆ ಈ ಸುಳ್ಳು ಹೇಳುತ್ತಿರಲಿಲ್ಲ."

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು.

"ಕದ್ದವನಿಗೆ ಬೇಕಾಗಿದ್ದು ಕಬ್ಬಿಣವಲ್ಲ, ತೂತು. ಡ್ರಿಲ್ ಯಂತ್ರ ಗುಂಡು ತೂತು ಕೊರೆಯುತ್ತೆ, ನೋಡಿದವರಿಗೆ ಗೊತ್ತಾಗುತ್ತೆ. ಉಸ್ತಾನ ಕಬ್ಬಿಣವೇ ಬೇಕಿತ್ತು. ಆ ತೂತು ಬೇಕಾಗಿದ್ದು ಊರಲ್ಲಿ ಒಂದೇ ಮನೆಗೆ. ಮಂಗಳವಾರ ಊಟಕ್ಕೆ ಕರೆಯೋ ನೆಪದಲ್ಲಿ ಹೋಗಿ ತಂದ. ಬುಧವಾರ ಮನೆಯವರನ್ನೆಲ್ಲ ಸ್ಮಶಾನಕ್ಕೆ ಕಳಿಸಿ ಸುಟ್ಟ. ಕೆಳಗೆ ಹಾಸಿದ್ದನ್ನ ಮರೆತ."

ಬಾತ್ಮಾ ಎದ್ದಳು. ಮಗನ ಮುಂದೆ ನಿಂತಳು.

"ನಿನ್ನೆ ಸ್ಮಶಾನದಿಂದ ಬಂದು ಕೋಲು ಕೂತಿರೋದು ನೋಡಿ ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದೆನಲ್ಲೋ. ಅಪ್ಪನ ಸಾಲ ತೀರಿಸಿದ ಮಗ ಅಂತ. ಅವರು ಮಣ್ಣಿನಡಿ ಹಗುರಾದ್ರು ಅಂತ ಅತ್ತೆನಲ್ಲೋ."

ಶೇರ್ಮಾತ್‌ನ ತಲೆ ಬಾಗಿತು. "ಕಬ್ಬಿಣ ಕುದುರೆ ಹತ್ತಿರ ಇದೆ" ಎಂದ.

ಹೊರಗೆ ಬೂದು ಕುದುರೆಯ ಹಗ್ಗ ಕಟ್ಟಿದ್ದ ಗೂಟವನ್ನು ದೊರೋನ್ ಕಿತ್ತು ತಂದ. ಮಣ್ಣು ಒರೆಸಿದಾಗ ಚೌಕ ತುದಿಯ ಕಬ್ಬಿಣ. "ದಿನವೆಲ್ಲಾ ಇದರ ಪಕ್ಕದಲ್ಲೇ ನಿಂತಿದ್ದೆ. ಗುಜರಿಯವನು ಅಂತ ಹೇಳ್ಕೊಳ್ಳೋಕೆ ನಾಚಿಕೆ!" ಎಂದು ಹಣೆ ಚಚ್ಚಿಕೊಂಡ.

ಉಸ್ತಾ ಎಡಗೈಯಲ್ಲಿ ಉದ್ದನೆಯ ಕವೆಗೋಲು ಹಿಡಿದು ಎಂಬತ್ತೈದನೆಯ ಕೋಲನ್ನು ತೂತಿನಿಂದ ಬಿಡಿಸಿದ; ಸಾಲ ಇನ್ನೂ ತೀರಿರಲಿಲ್ಲ. ಅದು ಗಾಳಿಯಲ್ಲಿ ತೂಗಿತು. ಮಾಂಸ ಇಳಿಸುವ ಹೊತ್ತಾಗಿತ್ತು. ಮಾಂಸ ತರುವವರಿಗೆ ಬಾತ್ಮಾ ಕೈ ಅಡ್ಡ ಮಾಡಿದಳು. ಅತಿಥಿಗಳು ಊಟಕ್ಕೆಂದು ತಂದು ಕೊಟ್ಟಿದ್ದ ಹಣದ ಚೀಲವನ್ನು ಉಸ್ತಾನ ಮುಂದಿಟ್ಟಳು. "ಇದು ಸಾಲದಿದ್ರೆ ಕುದುರೆ. ಆಮೇಲೆ ಊಟ."

ಹಣ ಸಾಲಲಿಲ್ಲ. ಕುದುರೆಯನ್ನು ಅಲ್ಲೇ ಒಬ್ಬ ಕೊಂಡ, ಸಾಲ ತೀರಿತು.

ಉಸ್ತಾ ಕೋಲಿನ ತುದಿ ನೋಡಿದ, ತೂತು ನೋಡಿದ, ತನ್ನ ಕೈ ನೋಡಿದ. ಆಗ ಜನರ ನಡುವಿನಿಂದ ಅಬ್ದಿಲ್ದಾ ಉಸ್ತಾ ಬಂದು ಆ ಕೋಲನ್ನು ಎತ್ತಿ ಕೂರಿಸಿದ.

"ಸುಡೋದು ನೆಲದ ಮೇಲೆ ಕಣೋ ಕದಿರ್ಕುಲ್. ಎತ್ತೋಕೆ ನಾನಿಲ್ವಾ? ಬರೋ ತಿಂಗಳು ಎರಡು ಮನೆ ಕಟ್ಟೋದಿದೆ. ಒಬ್ಬನ ಕೈಲಾಗಲ್ಲ. ನೀನು ಸುಡು, ನಾನು ಎತ್ತುತ್ತೀನಿ. ಆದ್ರೆ ಆ ಕೊನೇ ತೂತಿನ ಉಪಾಯ ನನಗೂ ಕಲಿಸಬೇಕು."

ಮಾಂಸ ಬಂತು. ನಾನು ಪ್ರಾರ್ಥನೆ ಹೇಳಿದೆ. ನನಗೆ ಈ ಸಲ ಒಂದೇ ಹಾಸಿಗೆ ಕೊಟ್ಟರು.

ಶುಕ್ರವಾರದ ನಮಾಜಿಗೆ ತಿರುಗಿ ನೋಡಿದಾಗ ಕದಿರ್ಕುಲ್ ಕಂಬದ ಮರೆಯಲ್ಲಿ ಇರಲಿಲ್ಲ. ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಬಲಗೈಯನ್ನು ಎದೆಯವರೆಗೆ ಎತ್ತಿ ನಿಂತಿದ್ದ. ಕಂಬದ ಮರೆಯಲ್ಲಿ ಶೇರ್ಮಾತ್ ಇದ್ದ.